ಭೂಮಿ ಮೊದಲು ಎನ್ನುತ್ತಿದ್ದ ಮೇಸ್ತ್ರಿ

ಕಳೆದ ತಿಂಗಳು ನಮ್ಮ ಕಚೇರಿಗೆ ಹೊಸ ನೆಟ್‌ವರ್ಕ್ ಸ್ವಿಚ್ ಬಂತು. ಮಹಡಿಯ ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆ ಅದು; ರ‍್ಯಾಕ್ ಎಂದು ನಾವು ಕರೆಯುವ ಕಬ್ಬಿಣದ ಕಪಾಟಿನೊಳಗೆ ಅದನ್ನು ಕೂರಿಸುತ್ತೇವೆ. ಜೋಡಿಸಲು ಬಂದಿದ್ದ ತಂತ್ರಜ್ಞ ಡಬ್ಬ ಬಿಚ್ಚಿ, ಥರ್ಮಕೋಲು ಕಿತ್ತು, ಅದರ ಜೊತೆಗೆ ಒಂದು ಪುಟ್ಟ ಪ್ಲಾಸ್ಟಿಕ್ ಪೊಟ್ಟಣವನ್ನೂ ಕಸದ ಬುಟ್ಟಿಗೆ ಎಸೆದ. ನಾನು ಬಗ್ಗಿ ಅದನ್ನು ಎತ್ತಿಕೊಂಡೆ. ಒಳಗೆ ತಂತಿಯ ತುದಿ ಸಿಕ್ಕಿಸುವ ತಾಮ್ರದ ಒಂದು ಲಗ್, ಎರಡು ಸ್ಕ್ರೂ, ಅಂಚಿನಲ್ಲಿ ಹಲ್ಲುಗಳಿರುವ ವಾಷರ್. ಸ್ವಿಚ್ಚಿನ ಮೈಯನ್ನು ಭೂಮಿಗೆ ಜೋಡಿಸುವ ಸಾಮಾನು.

"ಅದೆಲ್ಲ ಬೇಡ ಮೇಡಂ. ಪವರ್ ಕಾರ್ಡಲ್ಲೇ ಅರ್ಥ್ ಬರುತ್ತೆ" ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಇಡೀ ಮಹಡಿ ತಿರುಗಿ ನೋಡುವ ಹಾಗೆ ಅವನ ಮೇಲೆ ಕೂಗಾಡಿಬಿಟ್ಟೆ. ಪಾಪ, ಅವನಿಗೇನು ಗೊತ್ತು... ಎಂಟು ವರ್ಷಗಳ ಹಿಂದೆ ಇದೇ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ, ತಲೆಯಾಡಿಸಿ ಸುಮ್ಮನಾಗಿದ್ದವಳು ನಾನೇ.

ಆಗ ನಾನು ಗರುಡಾಚಾರ್‌ಪಾಳ್ಯದ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಹಲಸೂರಿನ ಮನೆಯಿಂದ ಎರಡು ಬಸ್ಸು ಬದಲಾಯಿಸಿ ಹೋಗುತ್ತಿದ್ದೆ. ನೆಟ್‌ವರ್ಕ್ ಎಂಜಿನಿಯರ್ ಎಂಬ ಹೆಸರೇನೋ ಕೊರಳಿನ ಕಾರ್ಡಿನಲ್ಲಿತ್ತು. ಕೈಗೆ ಸ್ಕ್ರೂಡ್ರೈವರ್ ಹಿಡಿಯುವುದನ್ನು ಕಲಿಸಿದವರು ಆ ಕಟ್ಟಡದ ಎಲೆಕ್ಟ್ರಿಷಿಯನ್. ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು. ಕಲಬುರಗಿ ಕಡೆಯವರು, ಐವತ್ತು ದಾಟಿದವರು, ಕೆ.ಆರ್. ಪುರದ ಒಂದು ಬಾಡಿಗೆ ಕೋಣೆಯಲ್ಲಿ ಹೆಂಡತಿಯೊಂದಿಗೆ ಇದ್ದರು. ಸಿಡುಕು ಸ್ವಭಾವ. ತಂಬಾಕು ತುಂಬಿದ ಬಾಯಲ್ಲಿ ಯಾರಿಗಾದರೂ ಸರಿಯೇ ಎರಡು ಮಾತು ಅಂದೇ ಬಿಡುತ್ತಿದ್ದರು. ಅವರ ಚೀಲದಲ್ಲಿ ಉಪ್ಪುಕಾಗದದ ತುಂಡುಗಳು ಸದಾ ಇರುತ್ತಿದ್ದವು. ರ‍್ಯಾಕಿನ ಮೇಲೆ ಲಗ್ ಕೂರುವ ಜಾಗದ ಬಣ್ಣವನ್ನು ಕಬ್ಬಿಣ ಬೆಳ್ಳಗೆ ಹೊಳೆಯುವ ತನಕ ಉಜ್ಜಬೇಕು. ಬಣ್ಣದ ಮೇಲೆಯೇ ಬಿಗಿದರೆ ಕರೆಂಟು ಭೂಮಿಗೆ ಇಳಿಯುವುದಿಲ್ಲ. ವಾಷರ್ ಹಾಕಿ ಬಿಗಿದ ಮೇಲೆ ಹಸಿರು-ಹಳದಿ ತಂತಿಯನ್ನು ಹಿಡಿದು ಒಮ್ಮೆ ಜಗ್ಗಿ ನೋಡಬೇಕು. ಅದಾದ ಮೇಲಷ್ಟೇ ಪವರ್ ಕಾರ್ಡಿಗೆ ಕೈ ಹಾಕಬೇಕು.

"ಕೂಡಿಸೋವಾಗ ಭೂಮಿ ಮೊದಲ, ಬಿಚ್ಚೋವಾಗ ಭೂಮಿ ಕಡೀಕ" ಎನ್ನುತ್ತಿದ್ದರು. "ಇಷ್ಟ ನೆನಪಿಟ್ರ ಸಾಕ್ರಿ ಮೇಡಂ. ಉಳಿದಿದ್ದೆಲ್ಲ ನಿಮ್ಮ ಪುಸ್ತಕದಾಗ ಅದ."

ನಮ್ಮ ಸರ್ವರ್ ಕೋಣೆಗೆಂದೇ ಕಟ್ಟಡದ ಹಿಂಬದಿಯಲ್ಲಿ ಒಂದು ಅರ್ಥಿಂಗ್ ಗುಂಡಿ ಇತ್ತು. ನೆಲದಾಳಕ್ಕೆ ತಾಮ್ರದ ತಗಡು ಹೂತು, ಸುತ್ತಲೂ ಇದ್ದಿಲು, ಉಪ್ಪು ತುಂಬಿದ ಗುಂಡಿ. ಅಲ್ಲಿಂದ ಹೊರಟ ತಾಮ್ರದ ಪಟ್ಟಿ ಗೋಡೆ ಹತ್ತಿ ಮೂರನೇ ಮಹಡಿಯ ನಮ್ಮ ಕೋಣೆಗೆ ಬರುತ್ತಿತ್ತು. ಎಲ್ಲೋ ಕರೆಂಟು ಜಿನುಗಿ ಪೆಟ್ಟಿಗೆಯ ಮೈಗೆ ಬಂದರೆ, ಮುಟ್ಟಿದವರ ಮೈಯೊಳಗೆ ಹರಿಯದೆ ಆ ಪಟ್ಟಿ ಹಿಡಿದು ಮಣ್ಣಿಗೆ ಇಳಿಯಲಿ ಎಂದು ಈ ಏರ್ಪಾಡು. ಮಣ್ಣು ಒಣಗಿದರೆ ಕರೆಂಟು ಇಳಿಯದು. ಹಾಗಾಗಿ ಮೇಸ್ತ್ರಿ ವಾರಕ್ಕೆರಡು ಸಲ ಆ ಗುಂಡಿಗೆ ಬಕೆಟ್ಟಿನಲ್ಲಿ ನೀರು ಹೊತ್ತು ಹಾಕುತ್ತಿದ್ದರು. ಕೆಫೆಟೇರಿಯಾದ ಕಿಟಕಿಯಿಂದ ನೋಡುತ್ತಿದ್ದ ನಮ್ಮವರಿಗೆ ಅದೊಂದು ತಮಾಷೆ. ಮೇಸ್ತ್ರಿ ಕರೆಂಟಿನ ಗಿಡ ಬೆಳೆಸ್ತಿದ್ದಾರೆ ಕಣೋ ಅನ್ನುವರು. ನಾನೂ ನಕ್ಕಿದ್ದೇನೆ.

ಆ ವರ್ಷ ಕಟ್ಟಡದ ಮಾಲೀಕರಿಗೆ ಒಂದರ ಮೇಲೊಂದು ತಾಪತ್ರಯ. ರಾಗಿ ಹೊಲವಿದ್ದ ಜಾಗದಲ್ಲೇ ಐದು ಮಹಡಿ ಎಬ್ಬಿಸಿದ ಮನೆತನ ಅದು. ಮಾಲೀಕರ ಆರೋಗ್ಯ ಕೆಟ್ಟಿತು, ಎರಡು ಮಹಡಿ ಬಾಡಿಗೆಗೆ ಹೋಗದೆ ಖಾಲಿ ಬಿದ್ದವು. ವಾಸ್ತು ನೋಡುವವರೊಬ್ಬರನ್ನು ಕರೆಸಿದರು. ಅವರು ದಿಕ್ಸೂಚಿ ಹಿಡಿದು ಇಡೀ ಆವರಣ ಸುತ್ತಿ, ಹಿಂಬದಿಯ ಮೂಲೆಗೆ ಬಂದು ನಿಂತರು. ನೈಋತ್ಯ ಮೂಲೆ ಎತ್ತರವಾಗಿರಬೇಕು, ಭಾರವಾಗಿರಬೇಕು. ಅಲ್ಲಿ ಗುಂಡಿ, ಅದೂ ವಾರಕ್ಕೆರಡು ಸಲ ನೀರು ಕುಡಿಯುವ ಗುಂಡಿ! ಯಜಮಾನನಿಗೆ ಕಂಟಕ ಎಂದು ಹೇಳಿ ಹೊರಟುಹೋದರು.

ಮೂರೇ ದಿನಗಳಲ್ಲಿ ಗುಂಡಿಗೆ ಕಾಂಕ್ರೀಟು ಬಿತ್ತು. ಅಡ್ಡ ಬಂದ ತಾಮ್ರದ ಪಟ್ಟಿಯನ್ನು ನೆಲಮಟ್ಟದಲ್ಲಿ ಕತ್ತರಿಸಿ ಹಾಕಿದರು. ಮೇಲೆ ಗ್ರಾನೈಟು ಹಾಸಿ, ಭಾರಕ್ಕಿರಲಿ ಎಂದು ಒಂದು ದೊಡ್ಡ ಕಲ್ಲಿನ ಕುಂಡವನ್ನೂ ಇಟ್ಟರು. ಊರಿಗೆ ಹೋಗಿದ್ದ ಮೇಸ್ತ್ರಿ ಮರಳಿ ಬಂದವರೇ ನೀರಿನ ಬಕೆಟ್ ಹಿಡಿದು ಆ ಕುಂಡದ ಮುಂದೆ ನಿಂತುಬಿಟ್ಟರು.

ಅವರು ಮಾಲೀಕರ ಬಳಿಗೇ ಹೋದರು. ನಾನೂ ಜೊತೆಗಿದ್ದೆ.

"ಬೇರೆ ಕಡೆ ತೋಡ್ಸೋಣ ಬಿಡ್ರೀ, ಅದಕ್ಯಾಕೆ ಅಷ್ಟು ಒದ್ದಾಡ್ತೀರಾ?" ಎಂದರು ಮಾಲೀಕರು. "ಆಷಾಢ ಕಳೀಲಿ. ಈಗ ಭೂಮಿ ಅಗೀಬಾರ್ದು."

"ಅಲ್ಲೀ ತನಕ ಕರೆಂಟು ಆಷಾಢ ಮಾಡ್ತದೇನ್ರಿ?" ಎಂದು ಮೇಸ್ತ್ರಿ ಕೇಳಿದರು. ಮಾಲೀಕರು ಮುಖ ತಿರುಗಿಸಿಕೊಂಡರು.

ಇದೇ ಹೊತ್ತಿಗೆ ನಮ್ಮ ಕಂಪನಿಗೆ ಹೊಸ ಸ್ವಿಚ್ ಬಂದಿತ್ತು. ಸೋಮವಾರ ಹೊರದೇಶದ ಗಿರಾಕಿಗಳು ಬರುವವರು. ಶನಿವಾರದೊಳಗೆ ಅದು ಓಡಬೇಕು ಎಂಬುದು ಮ್ಯಾನೇಜರರ ಹಟ. ಮೇಸ್ತ್ರಿ ಒಪ್ಪಲಿಲ್ಲ. ತಮ್ಮ ಟೆಸ್ಟ್ ಲ್ಯಾಂಪ್ ತಂದರು. ಹೋಲ್ಡರಿನಲ್ಲಿ ಒಂದು ಬಲ್ಬು, ಅದಕ್ಕೆರಡು ತಂತಿ, ಅಷ್ಟೇ. ಒಂದು ತಂತಿಯನ್ನು ಫೇಸಿಗೆ, ಇನ್ನೊಂದನ್ನು ಅರ್ಥಿಗೆ ಹಿಡಿದರೆ ಬಲ್ಬು ಝಗ್ಗನೆ ಉರಿಯಬೇಕು. ಮ್ಯಾನೇಜರರ ಕಣ್ಣೆದುರೇ ಹಿಡಿದು ತೋರಿಸಿದರು. ಬಲ್ಬಿನೊಳಗಿನ ತಂತಿ ಕೆಂಪಗೂ ಆಗಲಿಲ್ಲ.

"ಪವರ್ ಕಾರ್ಡಿಗೆ ಮೂರು ಪಿನ್ ಇದೆಯಲ್ಲ, ಅರ್ಥ್ ಅದ್ರಲ್ಲೇ ಬರುತ್ತೆ. ಸುಮ್ನೆ ಡ್ರಾಮಾ ಮಾಡ್ಬೇಡಿ" ಎಂದರು ಮ್ಯಾನೇಜರ್.

"ಆ ಮೂರನೇ ಪಿನ್ ಹೋಗೋದೂ ಇದೇ ಪಟ್ಟಿಗೇ ಅದ ಸಾಹೇಬ್ರ. ಪಟ್ಟಿ ಕಡಿದಾರ. ಇನ್ನ ಅದು ಎಲ್ಲಿಗಿ ಹೋಗ್ತದ? ಹಳೇ ಪೆಟಿಗಿ ಸುದ್ದಾ ಆರ್ಸಬೇಕು. ನಾ ಅಂತೂ ಹೊಸಾದಕ್ಕ ಕರೆಂಟ್ ಕೊಡಂಗಿಲ್ಲ."

ಕೊಡದಿದ್ದರೆ ನಾಳೆಯಿಂದ ಬರಬೇಡಿ ಎಂದರು ಮ್ಯಾನೇಜರ್. ಮೇಸ್ತ್ರಿ ರಟ್ಟಿನ ತುಂಡೊಂದರ ಮೇಲೆ ಮಾರ್ಕರಿನಲ್ಲಿ "ಅರ್ಥ್ ಇಲ್ಲ. ಕರೆಂಟು ಕೊಡಬಾರದು" ಎಂದು ದಪ್ಪಕ್ಷರದಲ್ಲಿ ಬರೆದು, ರ‍್ಯಾಕಿನ ಬಾಗಿಲಿಗೆ ತಂತಿಯಿಂದ ಬಿಗಿದರು. ಹೊರಡುವಾಗ ನನ್ನ ಕಡೆ ತಿರುಗಿ, "ನೀ ಬಿಚ್ಚಬ್ಯಾಡ ಯವ್ವಾ" ಎಂದರು. ಅಷ್ಟು ದಿನ ಮೇಡಂ ಎನ್ನುತ್ತಿದ್ದವರು...

ನಾನೇ ಬಿಚ್ಚಿದೆ. ಶನಿವಾರ ಮಧ್ಯಾಹ್ನ, ಊಟ ಮುಗಿಸಿ ಬಂದು. ಮ್ಯಾನೇಜರ್ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಬಲ್ಬು ಉರಿಯದಿದ್ದುದನ್ನು ಕಣ್ಣಾರೆ ಕಂಡಿದ್ದೆ. ಆದರೆ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದೆರಡು ವಾರಕ್ಕೆ ಏನಾಗಿಬಿಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಹೊಸ ಸ್ವಿಚ್ಚಿನ ಎರಡೂ ಪವರ್ ಕಾರ್ಡುಗಳನ್ನು ಚುಚ್ಚಿ ಕರೆಂಟು ಕೊಟ್ಟೆ. ಹಸಿರು ದೀಪಗಳು ಪಟಪಟನೆ ಹತ್ತಿಕೊಂಡವು. ಮ್ಯಾನೇಜರ್ ಶಹಬ್ಬಾಸ್ ಎಂದರು. ನನಗೆ ಹೆಮ್ಮೆಯೂ ಆಯಿತು ಎಂದು ಬರೆಯಲು ಈಗ ಹೇಸಿಗೆಯಾಗುತ್ತದೆ.

ಈ ಪೆಟ್ಟಿಗೆಗಳು ಸರಿಯಾಗಿದ್ದಾಗಲೂ ಒಂದೊಂದೂ ಚೂರುಚೂರು ಕರೆಂಟನ್ನು ತಮ್ಮ ಮೈಗೆ ಬಿಡುತ್ತವೆ. ಅದು ಇಳಿಯಲು ಭೂಮಿ ಸಿಗದಿದ್ದರೆ ಎಲ್ಲದರದ್ದೂ ಸೇರಿ ರ‍್ಯಾಕಿನ ಮೈಯಲ್ಲೇ ಕಾಯುತ್ತದೆ. ಸೋಮವಾರ ಬೆಳಿಗ್ಗೆ, ಗಿರಾಕಿಗಳು ಬರುವ ಮುಂಚೆ, ಕೋಣೆ ಫಳಫಳ ಹೊಳೆಯಲಿ ಎಂದು ಹೌಸ್‌ಕೀಪಿಂಗ್ ಅಕ್ಕನನ್ನು ಒಳಗೆ ಕಳಿಸಿದರು. ಅವರು ಸ್ಟೂಲು ಹತ್ತಿ, ಎಡಗೈಯಲ್ಲಿ ಕಿಟಕಿಯ ಸರಳು ಹಿಡಿದು, ಬಲಗೈಯಲ್ಲಿ ಒದ್ದೆ ಬಟ್ಟೆಯಿಂದ ರ‍್ಯಾಕಿನ ತಲೆ ಒರೆಸಿದರು. ಚೀರಿದ ಸದ್ದು ಕೇಳಿ ಓಡಿದೆ. ಸ್ಟೂಲಿನಿಂದ ಹಿಂದಕ್ಕೆ ಬಿದ್ದಿದ್ದರು, ಬಲಗೈ ಮೈಯಡಿ ಸಿಕ್ಕಿತ್ತು. ಜೀವ ಉಳಿಯಿತು. ಮೊಣಕೈ ಮಾತ್ರ ಮತ್ತೆ ನೆಟ್ಟಗಾಗಲಿಲ್ಲ.

ಯಾರದಾದರೂ ತಪ್ಪು ಎಂದು ಬರೆಯಲೇಬೇಕಿತ್ತು. ವಾಸ್ತುವಿನವರದ್ದು ಎಂದು ಬರೆಯುವುದುಂಟೇ? ಕಾಂಕ್ರೀಟು ಸುರಿಸಿದ ಮಾಲೀಕರದ್ದು? ಹಟ ಹಿಡಿದ ಮ್ಯಾನೇಜರರದ್ದು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಲೆಕ್ಟ್ರಿಷಿಯನ್ ಅರ್ಥಿಂಗ್ ಪರೀಕ್ಷಿಸದೆ ಕರೆಂಟು ಕೊಟ್ಟಿದ್ದರಿಂದ ಅವಘಡವಾಯಿತು ಎಂದು ಇಂಗ್ಲಿಷಿನಲ್ಲಿ ಒಂದು ಪುಟ ತಯಾರಾಯಿತು. ಪರೀಕ್ಷಿಸದೆಯಂತೆ! ಆ ಕಟ್ಟಡದಲ್ಲಿ ಪರೀಕ್ಷಿಸಿದ ಒಬ್ಬನೇ ಮನುಷ್ಯ ಅವರು. ಪುಟದ ಕೆಳಗೆ ಕಣ್ಣಾರೆ ಕಂಡವರ ಸಹಿಗೆ ಜಾಗವಿತ್ತು.

"ಜಸ್ಟ್ ಫಾರ್ಮಾಲಿಟಿ. ಅವರು ಹೇಗೂ ಕೆಲಸ ಬಿಟ್ಟಾಯ್ತಲ್ಲ. ನಿಮ್ಮ ಹೆಸರು ಬರೋದಕ್ಕಿಂತ ಇದು ಬೆಟರ್ ಅಲ್ವಾ?" ಎಂದು ಮ್ಯಾನೇಜರ್ ಪೆನ್ನು ಮುಂದೆ ಚಾಚಿದರು.

ಸಹಿ ಹಾಕಿದೆ. ಅದರ ಒಂದು ಪ್ರತಿ ಮೇಸ್ತ್ರಿಯ ಮನೆಗೂ ಹೋಯಿತು. ರಟ್ಟಿನ ಫಲಕ ಆಗಲೇ ಕಸದ ಲಾರಿ ಸೇರಿತ್ತು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಒಂದೇ ವಾರದಲ್ಲಿ ಕಟ್ಟಡದ ಇನ್ನೊಂದು ಮೂಲೆಯಲ್ಲಿ ಹೊಸ ಗುಂಡಿ ತೋಡಿದರು. ಆಷಾಢ ಇನ್ನೂ ಮುಗಿದಿರಲಿಲ್ಲ, ಆಗ ಅದು ಯಾರಿಗೂ ಅಡ್ಡ ಬರಲಿಲ್ಲ! ನನ್ನ ಕೆಲಸ ಕಾಯಂ ಆಯಿತು. ಮೇಸ್ತ್ರಿಯ ಫೋಟೋ ಮಾತ್ರ ಗುತ್ತಿಗೆದಾರರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಈತನನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಡಿ ಎಂಬ ಒಕ್ಕಣೆಯ ಜೊತೆ. ಮಹದೇವಪುರದಿಂದ ಹಿಡಿದು ರಿಂಗ್ ರೋಡಿನುದ್ದಕ್ಕೂ ಯಾವ ಕಟ್ಟಡದ ಗೇಟೂ ಅವರಿಗೆ ತೆರೆಯಲಿಲ್ಲ. ಕಡೆಗೆ ಶಾಮಿಯಾನದವರ ಬಳಿ ಸೀರಿಯಲ್ ಸೆಟ್ ಕಟ್ಟಲು ಹೋಗುತ್ತಿದ್ದರಂತೆ. ಮದುವೆ ಮನೆಯ ಬೇವಿನ ಮರಕ್ಕೆ ಬಣ್ಣದ ದೀಪ ಸುತ್ತುವ ಕೆಲಸ...

ಒಮ್ಮೆ ಸಿಕ್ಕಿದ್ದರು. ಕೆ.ಆರ್. ಪುರ ರೈಲ್ವೆ ನಿಲ್ದಾಣದ ಎದುರಿನ ಬಸ್‌ಸ್ಟಾಪಿನಲ್ಲಿ, ಸಂಜೆಯ ಜನಜಂಗುಳಿಯಲ್ಲಿ. ನಾನು ಬಸ್ಸಿನೊಳಗಿದ್ದೆ, ಅವರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದರು. ನನ್ನನ್ನು ನೋಡಿದರು. ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ಆ ಬಸ್ಸನ್ನೇ ಬಿಟ್ಟುಬಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಳಿದು ಹೋಗಿ ಮಾತಾಡಬಹುದಿತ್ತು. ಇಳಿಯಲಿಲ್ಲ.

ಕಳೆದ ತಿಂಗಳು ಆ ತಂತ್ರಜ್ಞನ ಮೇಲೆ ಕೂಗಾಡಿದ ವಾರದ ಭಾನುವಾರವೇ ಅವರ ಮನೆ ಹುಡುಕಿಕೊಂಡು ಹೋದೆ. ಕೆ.ಆರ್. ಪುರದ ಸಂತೆ ಬೀದಿಯ ಹಿಂದಿನ ವಠಾರ. ಶಾಮಿಯಾನದವರು ದಾರಿ ತೋರಿಸಿದರು. ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದವರು ಅವರ ಹೆಂಡತಿ. ಮೇಸ್ತ್ರಿ ತೀರಿಕೊಂಡು ಒಂದು ವರ್ಷ ದಾಟಿದೆಯಂತೆ. ಕಾಮಾಲೆ.

ನಾನು ಯಾರೆಂದು ಹೇಳಿದೆ. ಫಲಕ ಬಿಚ್ಚಿದ್ದು, ಕರೆಂಟು ಕೊಟ್ಟಿದ್ದು, ಸಹಿ ಮಾಡಿದ್ದು, ಎಲ್ಲವನ್ನೂ ಹೊಸ್ತಿಲಾಚೆ ನಿಂತೇ ಹೇಳಿದೆ. ಆಕೆ ಮೊರ ಕೆಳಗಿಡಲಿಲ್ಲ. ಎಲ್ಲ ಕೇಳಿ, "ಅವರು ನನಗ ಹೇಳಿದ್ರು, ನಂದ ತಪ್ಪಿಲ್ಲ ಅಂತ. ನಾ ನಂಬೀನಿ ಅಂದೆ. ಖರೇ ಅಂದ್ರ ಪೂರಾ ನಂಬಿರ್ಲಿಲ್ರಿ" ಎಂದರು. "ಅಷ್ಟು ದೊಡ್ಡ ಕಂಪನಿಯವ್ರು ಸುಳ್ಳು ಯಾಕ ಬರೀತಾರ ಅಂತ ಅನಸ್ತಿತ್ತು. ಅದು ಅವರಿಗೂ ಗೊತ್ತಿತ್ತು."

ಕ್ಷಮಿಸಿ ಎಂದೆ.

"ಬಾಯಿಲೆ ಹೇಳಿದ್ರ ಗಾಳಿಗಿ ಹೋಗ್ತದ" ಎಂದರು ಆಕೆ. "ಅವತ್ತು ಬರ್ದ ಕೊಟ್ಟೀರಲ್ಲ, ಹಂಗೇ ಬರ್ದ ಕೊಡ್ರಿ. ಅವತ್ತಿನ ಹಾಳಿ ಇಂಗ್ಲಿಷಿನ್ಯಾಗ ಇತ್ತು. ತನ್ನ ಮ್ಯಾಲ ಏನ್ ಬರ್ದಾರಂತ ಓದಿಸ್ಕೊಳ್ಳಾಕ ಅವರು ಮಂದಿ ಮನಿಗೆಲ್ಲ ಅಡ್ಡಾಡಿದ್ರು. ಈ ಸಲ ಕನ್ನಡದಾಗ ಬರೀರಿ."

ಅದಕ್ಕೇ ಬರೆಯುತ್ತಿದ್ದೇನೆ. ಒಂದು ಪ್ರತಿ ಆಕೆಗೆ, ಒಂದು ನಾನು ಬಿಟ್ಟುಬಂದ ಆ ಕಂಪನಿಗೆ, ಇನ್ನೊಂದು ಓದುವ ನಿಮಗೆಲ್ಲ. ಆ ದಿನ ಅರ್ಥ್ ಪರೀಕ್ಷಿಸಿದವರು ಮೇಸ್ತ್ರಿ. ಕರೆಂಟು ಕೊಡಬಾರದು ಎಂದವರು ಮೇಸ್ತ್ರಿ. ಕೊಟ್ಟವಳು ನಾನು. ಇದನ್ನು ಯಾರ ನೆರವೂ ಇಲ್ಲದೆ ಓದಿಕೊಳ್ಳಬಹುದಾಗಿದ್ದ ಮನುಷ್ಯ ಈಗ ಇಲ್ಲ.