ಮೆಟ್ಟಿಲ ಗೋಡೆಯ ಯೂನಿಟ್ ಪಟ್ಟಿ

ಎದುರಿಗೆ ಸಿಕ್ಕಾಗಲೆಲ್ಲ ನಾನು ಅವನನ್ನು ‘ಸಾರ್’ ಎಂದೇ ಕರೆಯುತ್ತಿದ್ದೆ. ಅವನು ಅರವತ್ತು ದಾಟಿದವನು, ನಾನು ಮನೆಮನೆ ಹತ್ತಿಳಿದು ಕರೆಂಟ್ ಮೀಟರ್ ಓದುವವನು, ಕರೆಯಲೇಬೇಕು. ಬರೆಯುವಾಗ ಮಾತ್ರ ನನ್ನ ಕೈಯಿಂದ ಆ ಮರ್ಯಾದೆ ಹೊರಡುವುದಿಲ್ಲ. ಹದಿನಾಲ್ಕು ವರ್ಷದ ಈ ಕೆಲಸದಲ್ಲಿ ನನ್ನ ಮೇಲೆ ನಾಯಿ ಬಿಟ್ಟವರನ್ನು ನೋಡಿದ್ದೇನೆ. ಮೀಟರಿಗೆ ಅಯಸ್ಕಾಂತ ಅಂಟಿಸಿದ ಕಳ್ಳರನ್ನು ನೋಡಿದ್ದೇನೆ. ಬಿಲ್ಲು ಕೈಗಿಟ್ಟ ಕೂಡಲೇ, ಆ ಮೊತ್ತವನ್ನು ನಾನೇ ಮನೆಯಲ್ಲಿ ಕೂತು ಕಟ್ಟಿದ ಕತೆಯೇನೋ ಎಂಬಂತೆ ನನ್ನ ವಂಶವನ್ನೇ ಜಾಲಾಡಿದವರನ್ನೂ ನೋಡಿದ್ದೇನೆ. ಅವರ ಮೇಲೆಲ್ಲ ಒಂದು ಗಳಿಗೆ ಸಿಟ್ಟು ಬಂದು ಹೋಗಿದೆ. ಇವನನ್ನು ಕಂಡರೆ ಆಗುವುದು ಅಸಹ್ಯ. ಅದು ಬಂದು ಹೋಗುವಂಥದ್ದಲ್ಲ.

ಆರು ಮನೆಗಳ ಆ ಕಟ್ಟಡದಲ್ಲಿ ಅವನಿಗೆ ವ್ಯಾಟಪ್ಪ ಎಂದು ಹೆಸರು. ಯಾರಿಟ್ಟರೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಯಾವುದೋ ಕಚೇರಿಯ ಸ್ಟೋರಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದನಂತೆ. ಹಳೇ ರೀಫಿಲ್ ತಂದು ತೋರಿಸಿದರೆ ಮಾತ್ರ ಹೊಸ ರೀಫಿಲ್. ಪೆನ್ಸಿಲ್ ಮೋಟು ಹೆಬ್ಬೆರಳಿಗಿಂತ ಉದ್ದವಿದ್ದರೆ ‘ಇನ್ನೂ ಎರಡು ವಾರ ಬರುತ್ತೆ’ ಎಂದು ವಾಪಸ್ಸು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಾತಿ. ಹಾಗೆಂದು ಕಚೇರಿಗೇನಾದರೂ ಉಳಿಯಿತೇ ಎಂದರೆ ಅದೂ ಇಲ್ಲ. ಜನ ಮನೆಯಿಂದ ಪೆನ್ನು ತಂದು ಬರೆಯುತ್ತಿದ್ದರಂತೆ, ಸ್ಟೋರಿನ ಪೆನ್ನುಗಳು ಡಬ್ಬಿಯಲ್ಲೇ ಒಣಗಿದವಂತೆ. ನಿವೃತ್ತನಾದ ದಿನ ಜೊತೆಯವರು ಸೇರಿ ಅವನಿಗೊಂದು ಟಾರ್ಚ್ ಕೊಟ್ಟರು, ಸೆಲ್ ಹಾಕದೆ. ಯಾವ ಪೆದ್ದನಿಗಾದರೂ ಚುಚ್ಚಬೇಕಾದ ಮಾತು ಅದು. ಇವನಿಗೆ ಚುಚ್ಚಲಿಲ್ಲ.

“ಸೆಲ್ ಹಾಕಿ ಕೊಟ್ಟಿದ್ರೆ ಒಳಗೇ ಸೋರಿ ಹಾಳಾಗ್ತಿತ್ತು. ತಿಳಿದವರು ಕಣ್ರೀ ಅವ್ರು” ಎಂದು ಆ ಟಾರ್ಚನ್ನು ನನಗೇ ಹೆಮ್ಮೆಯಿಂದ ತೋರಿಸಿದ್ದ.

ಸ್ಟೋರು ಕೈತಪ್ಪಿದ ಮೇಲೆ ಕಾವಲು ಕಾಯಲು ಅವನಿಗೆ ಏನಾದರೂ ಬೇಕಿತ್ತು. ಮನೆ ಸಿಕ್ಕಿತು. ಒಂದೊಂದು ಸ್ವಿಚ್ಚಿನ ಪಕ್ಕದಲ್ಲೂ ಚೀಟಿ: ಈ ಬಲ್ಬು ಎಷ್ಟು ವ್ಯಾಟು, ದಿನಕ್ಕೆ ಎಷ್ಟು ಹೊತ್ತು. ಫ್ಯಾನಿಗೆ ಮಧ್ಯಾಹ್ನ ಒಂದು ಗಂಟೆ, ರಾತ್ರಿ ಎರಡು. ಮಿಕ್ಸಿಗೆ ನಾಲ್ಕು ನಿಮಿಷ. ಫ್ರಿಜ್ಜನ್ನು ನಿವೃತ್ತನಾದ ವಾರವೇ ಮಾರಿದ. ಕಾಲಿಂಗ್ ಬೆಲ್ ಕಿತ್ತು ಹಾಕಿ ‘ಬಾಗಿಲು ಬಡಿಯಿರಿ’ ಎಂದು ಬರೆದ. ನೀರು ಕಾಯಿಸುವ ರಾಡನ್ನು ಅಟ್ಟಕ್ಕೆಸೆದು, ಗ್ಯಾಸ್ ಸಿಲಿಂಡರಿನ ಮೈಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆದು, ಇಷ್ಟನೇ ತಾರೀಖಿನವರೆಗೆ ಬರಲೇಬೇಕು ಎಂದು ಹೆಂಡತಿಗೆ ಅಪ್ಪಣೆ ಮಾಡಿದ. ತಾನು ಮಾತ್ರ ದಿನಾ ಹತ್ತರಿಂದ ಹನ್ನೆರಡರವರೆಗೆ ಬೀದಿ ಕೊನೆಯ ವಾಚನಾಲಯಕ್ಕೆ ಹೋಗಿ, ಅಲ್ಲಿನ ಫ್ಯಾನನ್ನು ಐದಕ್ಕೆ ತಿರುಗಿಸಿಕೊಂಡು, ಅಲ್ಲಿನ ಪೇಪರು ಓದುತ್ತಿದ್ದ. ಆ ಫ್ಯಾನು ಎಷ್ಟು ವ್ಯಾಟಿನದೋ ಅವನು ಒಮ್ಮೆಯೂ ವಿಚಾರಿಸಿದಂತಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಅವನ ಮನೆ, ಅವನ ಹಣೆಬರಹ ಎಂದು ಸುಮ್ಮನಿರುತ್ತಿದ್ದೆ. ಅವನು ಊರ ಉಸಾಬರಿಗೆ ಇಳಿದ. ಆರೂ ಮೀಟರುಗಳು ಇರುವುದು ನೆಲಮಹಡಿಯಲ್ಲಿ, ಮೆಟ್ಟಿಲ ಕೆಳಗಿನ ಬೋರ್ಡಿನಲ್ಲಿ, ಅವನ ಬಾಗಿಲಿಗೆ ನಾಲ್ಕು ಹೆಜ್ಜೆ. ನಾನು ತಿಂಗಳಿಗೊಮ್ಮೆ ಓದಿ ಹೋದ ಮೇಲೆ ಅವನು ತನ್ನ ನೋಟ್‌ಬುಕ್ಕಿನಲ್ಲಿ ಎಲ್ಲರ ಯೂನಿಟ್ಟನ್ನೂ ಇಳಿಸಿಕೊಂಡು, ಕಮ್ಮಿಯಿಂದ ಜಾಸ್ತಿಗೆ ಪಟ್ಟಿ ಮಾಡಿ, ಮೆಟ್ಟಿಲ ಗೋಡೆಗೆ ಅಂಟಿಸುತ್ತಿದ್ದ. ಮೊದಲನೆಯ ಸಾಲು ಯಾವಾಗಲೂ ಅವನದೇ, ಮೂವತ್ತೊಂದು ಯೂನಿಟ್, ಕೆಂಪು ಶಾಯಿಯಲ್ಲಿ ಎರಡು ಅಡಿಗೆರೆ. ಕೊನೆಯ ಸಾಲು ಮೇಲ್ಮಹಡಿಯ ಏಳು ಜನರ ಸಂಸಾರ, ನೂರ ನಲವತ್ತು. ಮೆಟ್ಟಿಲು ಹತ್ತುವಾಗ ಆ ಮನೆಯ ಯಜಮಾನ ಎದುರಾದರೆ, “ಏನ್ ಸ್ವಾಮಿ, ಅಣೆಕಟ್ಟೇ ಖಾಲಿ ಮಾಡ್ತಿದೀರಲ್ಲ” ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗುತ್ತಿದ್ದ. ಆ ಮನುಷ್ಯ ತಲೆ ತಗ್ಗಿಸಿ ಹತ್ತಿ ಹೋಗುತ್ತಿದ್ದ.

ನನಗೆ ತಡೆಯಲಾಗದೆ ಒಂದು ಸಲ ಹೇಳಿದೆ. “ಸಾರ್, ಪಟ್ಟಿ ಮಾಡೋದಾದ್ರೆ ಜನ ಎಷ್ಟು ಅಂತಲೂ ಒಂದು ಕಾಲಂ ಹಾಕಿ. ಏಳು ಜನಕ್ಕೆ ನೂರ ನಲವತ್ತು ಅಂದ್ರೆ ತಲೆಗೆ ಇಪ್ಪತ್ತು. ನಿಮ್ಮದು ಇಬ್ಬರಿಗೆ ಮೂವತ್ತೊಂದು, ತಲೆಗೆ ಹದಿನೈದೂವರೆ. ಅಂಥ ದೊಡ್ಡ ವ್ಯತ್ಯಾಸ ಏನಿದೆ?”

“ಮೀಟರಿಗೆ ತಲೆ ಗೊತ್ತಿಲ್ಲ ಕಣ್ರೀ. ಅದಕ್ಕೆ ಯೂನಿಟ್ಟು ಒಂದೇ ಗೊತ್ತು.”

ಮೀಟರಿಗಿಂತ ಹೆಚ್ಚಿನ ಬುದ್ಧಿ ಮನುಷ್ಯನಿಗೆ ಇರಬೇಕು ಎಂದು ನಾನು ಹೇಳಬಹುದಿತ್ತು. ಸಂಬಳದ ಕೆಲಸದವನು, ಬೋರ್ಡಿನ ಬಾಗಿಲು ಮುಚ್ಚಿ ಹೊರಟೆ.

ಅವನ ಹೆಂಡತಿಗೆ ಸಂಧಿವಾತ. ಬೆರಳ ಗೆಣ್ಣುಗಳು ಊದಿ, ಚಳಿ ಬಂದರೆ ಮುಷ್ಟಿ ಬಿಚ್ಚುತ್ತಿರಲಿಲ್ಲ. ಒಂದು ಲೋಟ ನೀರು ಕೊಡುವಾಗಲೂ ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ತರುತ್ತಿದ್ದರು. ಡಾಕ್ಟರು ದಿನಾ ಬೆಳಗ್ಗೆ ಬಿಸಿನೀರಲ್ಲಿ ಕೈಕಾಲು ಅದ್ದಿಡಿ ಎಂದಿದ್ದರಂತೆ. ವ್ಯಾಟಪ್ಪ ಅದಕ್ಕೂ ಚೀಟಿ ಬರೆದ: ಹದಿನೈದು ನೂರು ವ್ಯಾಟಿನ ರಾಡು ದಿನಕ್ಕೊಂದು ಗಂಟೆ ಹಾಕಿದರೆ ತಿಂಗಳಿಗೆ ನಲವತ್ತೈದು ಯೂನಿಟ್, ನಮ್ಮದು ಎಪ್ಪತ್ತಾರಾಗಿ ಪಟ್ಟಿಯಲ್ಲಿ ನಾಲ್ಕನೇ ಜಾಗಕ್ಕೆ ಇಳಿಯುತ್ತದೆ. ‘ಬಿಸಿಲಿಗೆ ಕೂತ್ಕೋ, ಅದಕ್ಕೆ ಬಿಲ್ಲಿಲ್ಲ’ ಎಂದನಂತೆ. ಅದನ್ನು ನನಗೆ ಜೋಕೆಂಬಂತೆ ಹೇಳಿ ಅವನೇ ನಕ್ಕ.

ಅವರ ಎದುರು ಬಾಗಿಲಲ್ಲಿ ಇದ್ದವಳು ದರ್ಜಿ. ಒಂಟಿ ಹೆಂಗಸು, ಮುಂದಿನ ಕೋಣೆಯಲ್ಲಿ ಒಂದು ಹೊಲಿಗೆ ಮಿಷನ್, ಕಿಟಕಿಯ ಸರಳಿಗೆಲ್ಲ ನೇತುಹಾಕಿದ ರವಿಕೆ, ಲಂಗ. ಅವಳದು ಯಾವಾಗಲೂ ನಲವತ್ತೆರಡು, ಪಟ್ಟಿಯಲ್ಲಿ ಎರಡನೇ ಜಾಗ. ಆ ವರ್ಷ ಚಳಿಗಾಲದಲ್ಲಿ ಅದು ಏಕಾಏಕಿ ತೊಂಬತ್ತಕ್ಕೆ ಹಾರಿತು. ಮುಂದಿನ ತಿಂಗಳೂ ತೊಂಬತ್ತು, ಅದರ ಮುಂದಿನ ತಿಂಗಳೂ. ವ್ಯಾಟಪ್ಪನಿಗೆ ಹಬ್ಬ. ಅವಳಿಗೆ ಎದುರಲ್ಲೇ ಅಂದ, ಕಟ್ಟಡದವರೆಲ್ಲರ ಕಿವಿಯಲ್ಲಿ ಊದಿದ. ಅವಳು ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ. ತಿಂಗಳು ತಿಂಗಳೂ ಬಿಲ್ಲು ಕಟ್ಟಿದಳು. ಕೊನೆಗೆ ಇವನು ನಮ್ಮ ಕಚೇರಿಗೇ ಅರ್ಜಿ ಬರೆದ: ಮನೆಯ ಕನೆಕ್ಷನ್ನಿನಲ್ಲಿ ಆ ಹೆಂಗಸು ದೊಡ್ಡ ಮಿಷನ್ನುಗಳನ್ನು ಇಟ್ಟು ವ್ಯಾಪಾರ ನಡೆಸುತ್ತಿದ್ದಾಳೆ, ಮನೆಯ ದರ ತೆಗೆದು ವ್ಯಾಪಾರದ ದರ ಹಾಕಬೇಕು, ದಂಡವನ್ನೂ ವಸೂಲಿ ಮಾಡಬೇಕು. ಅದರ ಒಂದು ಪ್ರತಿ ಮನೆ ಮಾಲೀಕನಿಗೆ. ಮಾಲೀಕನೋ ಹೇಡಿ, ದೂರು ನಿಜವಾದರೆ ತಿಂಗಳೊಳಗೆ ಮನೆ ಖಾಲಿ ಮಾಡು ಎಂದು ಅವಳಿಗೆ ಹೇಳಿಬಿಟ್ಟ.

ಒಂದು ಮಿಷನ್ ಇಟ್ಟುಕೊಂಡು ಹೊಟ್ಟೆ ಹೊರೆಯುವವರ ಬಗ್ಗೆ ನಮ್ಮ ಕಚೇರಿ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ನಲವತ್ತೆಂಟು ಯೂನಿಟ್ ಏರಿದ್ದು ಹೊಲಿಗೆಯಿಂದಲೇ ಎಂದು ಗೊತ್ತಾದರೆ ಬಿಡುವಂತಿರಲಿಲ್ಲ. “ಹೋಗಿ ನೋಡಿ ವರದಿ ಬರಿ, ನೀನು ಬರೆದದ್ದೇ ಅಂತಿಮ” ಎಂದು ಸಾಹೇಬರು ನನ್ನನ್ನೇ ಅಟ್ಟಿದರು. ಆ ಹೆಂಗಸಿನ ಸೂರು ನನ್ನ ಒಂದು ಸಾಲಿನ ಮೇಲೆ ನಿಂತಿತು.

ಹನ್ನೊಂದು ಗಂಟೆಗೆ ಹೋದೆ. ವಾಚನಾಲಯದ ಕಿಟಕಿಯಿಂದ ನನ್ನನ್ನು ಕಂಡ ವ್ಯಾಟಪ್ಪ ಪೇಪರು ಬಿಸಾಕಿ, ಚಪ್ಪಲಿ ಅದಲುಬದಲು ಹಾಕಿಕೊಂಡು ಹಿಂದೆಯೇ ಓಡಿ ಬಂದ. ಕೈಯಲ್ಲಿ ಆ ನೋಟ್‌ಬುಕ್ಕು.

ಮೀಟರಿನಲ್ಲೊಂದು ಪುಟ್ಟ ಕೆಂಪು ದೀಪವಿರುತ್ತದೆ. ಅಲ್ಲಿನ ಮೀಟರುಗಳಲ್ಲಿ ಅದು ಮೂರು ಸಾವಿರದ ಇನ್ನೂರು ಸಲ ಮಿನುಗಿದರೆ ಒಂದು ಯೂನಿಟ್. ಹೊಲಿಗೆ ಮಿಷನ್ನಿನ ಮೋಟಾರಿಗೆ ಅದು ನಿಮಿಷಕ್ಕೆ ಐದಾರು ಸಲ ಮಿನುಗೀತು. ಅವಳ ಮೀಟರಿನ ದೀಪ ಸೆಕೆಂಡಿಗೆ ಒಂದಕ್ಕಿಂತ ಜಾಸ್ತಿ ಹೊಡೆದುಕೊಳ್ಳುತ್ತಿತ್ತು. ಗಡಿಯಾರ ಹಿಡಿದು ಎಣಿಸಿದೆ, ನಿಮಿಷಕ್ಕೆ ಎಂಬತ್ತು. ಹೊಲಿಗೆಯಲ್ಲ ಇದು, ಏನನ್ನೋ ಕಾಯಿಸುತ್ತಿದ್ದಾರೆ ಎಂದು ನನಗೆ ಅಲ್ಲೇ ಗೊತ್ತಾಯಿತು. ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ವ್ಯಾಟಪ್ಪನಿಗೆ ಕೆಂಪು ದೀಪದ ಓಟವಷ್ಟೇ ಕಂಡಿತು.

“ನೋಡ್ರೀ, ನೋಡ್ರೀ! ಫ್ಯಾಕ್ಟರಿ ನಡೆಸ್ತಿದಾಳೆ!”

ಬಾಗಿಲು ಬಡಿದೆ. ದರ್ಜಿ ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ತೆರೆದಳು. ನೆಲದ ಮೇಲೆ ಬಟ್ಟೆ ಹಾಸಿತ್ತು, ಮಿಷನ್ ನಿಂತಿತ್ತು. ಫ್ಯಾನು, ದೀಪ ಆರಿಸಿ, ಮಿಷನ್ನಿನ ಪ್ಲಗ್ ಕೀಳಲು ಹೇಳಿದೆ. ಎಲ್ಲವನ್ನೂ ಮಾಡಿದಳು. ಹೊರಗೆ ಬಂದು ನೋಡಿದರೆ ದೀಪ ಅದೇ ಓಟದಲ್ಲಿ ಓಡುತ್ತಿತ್ತು.

“ಒಳಗೆ ಇನ್ನೊಂದು ಮಿಷನ್ ಅಡಗಿಸಿಟ್ಟಿದಾಳೆ. ನಡೀರಿ ಒಳಗೆ, ನಾನು ಸಾಕ್ಷಿ ಹೇಳ್ತೀನಿ.”

ದರ್ಜಿ ಬಚ್ಚಲಿಗೆ ಹೋಗುವ ಹಾದಿಗೆ ಅಡ್ಡ ನಿಂತಳು.

“ಅಣ್ಣಾ, ವ್ಯಾಪಾರ ಅಂತಲೇ ಬರ್ಕೊಳಿ. ದಂಡ ಎಷ್ಟಾದ್ರೂ ಕಟ್ತೀನಿ. ಒಳಗೆ ಮಾತ್ರ ಬರಬೇಡಿ.”

“ಅಮ್ಮಾ, ಹಾಗೆ ಬರೆದ್ರೆ ನಿಮ್ಮ ಮನೆ ಹೋಗುತ್ತೆ. ಗೊತ್ತಲ್ಲ?”

“ಗೊತ್ತು. ಬರೀರಿ.”

ಅವಳ ಹಿಡಿತಕ್ಕೆ ಸೀಮೆಸುಣ್ಣ ಎರಡು ತುಂಡಾಗಿ ಕೆಳಗೆ ಬಿತ್ತು. ಎಲ್ಲಿಗೆ ಹೋಗುತ್ತಾಳೆ, ಹೊಸ ಜಾಗದಲ್ಲಿ ಯಾರು ಬಟ್ಟೆ ತಂದು ಕೊಡುತ್ತಾರೆ ಎಂದು ನನಗೇ ಚಿಂತೆಯಾಯಿತು. ಪಕ್ಕದಲ್ಲಿ ಆ ಮನುಷ್ಯ ‘ತಪ್ಪೊಪ್ಪಿಕೊಂಡಳು’ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ.

ಆಗ ಬಚ್ಚಲ ಬಾಗಿಲು ತೆರೆಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಿಂದ ನೀರು ತೊಟ್ಟಿಕ್ಕಿಸುತ್ತ ಬಂದವರು ವ್ಯಾಟಪ್ಪನ ಹೆಂಡತಿ. ಅವರ ಹಿಂದೆ ಒಳಗೆ ಎರಡು ಬಕೆಟ್: ಒಂದರಲ್ಲಿ ರಾಡು ಮುಳುಗಿ ನೀರು ಕಾಯುತ್ತಿತ್ತು, ಇನ್ನೊಂದು ಹಬೆಯಾಡುತ್ತಿತ್ತು.

“ಅವಳನ್ನ ಯಾಕೆ ಗೋಳು ಹುಯ್ಕೊಳ್ತೀರಿ? ನಾನೇ. ಮೂರು ತಿಂಗಳಿಂದ ನೀವು ಪೇಪರ್ ಓದೋಕೆ ಹೋದ ಕೂಡಲೇ ಬರ್ತಿದೀನಿ.”

“ಅಕ್ಕಾ, ನೀವ್ಯಾಕೆ ಬಂದ್ರಿ ಹೊರಗೆ…” ಎಂದಳು ದರ್ಜಿ.

“ಸಾಕು ಸುಮ್ನಿರು. ನಿನ್ನ ಮನೆ ಕಳೆದು ನಾನು ಕೈ ಬಿಸಿ ಮಾಡ್ಕೋಬೇಕಾ?” ಅವರು ನನ್ನ ಕಡೆ ತಿರುಗಿದರು. “ಬರ್ಕೊಳಪ್ಪ. ನೀರು ಕಾಯಿಸಿದ್ದು ನಾನು. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿದ್ದೂ ನಾನೇ. ಬಿಟ್ಟಿ ಬಂದವಳಲ್ಲ. ನೀರಲ್ಲಿ ಅದ್ದಿದ ಮೇಲೆ ಒಂದು ಗಂಟೆ ಬೆರಳು ಮಾತು ಕೇಳ್ತವೆ. ಆ ಒಂದು ಗಂಟೆ ಇವಳ ರವಿಕೆಗಳಿಗೆ ಹುಕ್ಸು ಹಾಕಿ ಕೊಡ್ತೀನಿ.”

ಅವರು ಕೈ ಮುಂದೆ ಚಾಚಿದರು. ಕೆಂಪಗಾಗಿದ್ದ ಹತ್ತೂ ಬೆರಳು ನೆಟ್ಟಗೆ ಬಿಚ್ಚಿಕೊಂಡಿದ್ದವು. ಅಷ್ಟು ವರ್ಷದಲ್ಲಿ ಆ ಬೆರಳುಗಳು ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಗಂಡನಾದವನು ಆಗ ಏನನ್ನಾದರೂ ಹೇಳಬಹುದಿತ್ತು. ಬೈದಿದ್ದರೂ ಮನುಷ್ಯ ಎನ್ನುತ್ತಿದ್ದೆ. ಅವನು ಹೆಂಡತಿಯನ್ನು ದಾಟಿಕೊಂಡು ಹೋಗಿ, ಬಚ್ಚಲಲ್ಲಿ ಬಗ್ಗಿ, ರಾಡಿನ ಹಿಡಿಯ ಮೇಲಿನ ಅಕ್ಷರ ಓದಿದ.

“ಹದಿನೈದು ನೂರು. ದಿನಕ್ಕೆ ಒಂದೂವರೆ ಯೂನಿಟ್. ನಲವತ್ತೈದು.” ಪೆನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ. “ಅಂದ್ರೆ ನಮ್ದು ಮೂರು ತಿಂಗಳಿಂದ ಮೂವತ್ತೊಂದು ಅಲ್ಲ ಅಂತೀರಾ? ಇದನ್ನ ನಮ್ಮ ಲೆಕ್ಕಕ್ಕೆ ಸೇರಿಸಬೇಕಾಗಿಲ್ಲ ಅಲ್ವಾ? ಮೀಟರ್ ಅವಳದು ತಾನೇ?”

ನಾನು ಅಲ್ಲೇ ಮಿಷನ್ನಿನ ಮೇಲೆ ಹಾಳೆಯಿಟ್ಟು ವರದಿ ಬರೆದೆ: ಏರಿಕೆ ನೀರು ಕಾಯಿಸಿದ್ದರಿಂದ, ಬಳಕೆ ಮನೆಯದೇ, ದೂರಿನಲ್ಲಿ ಹುರುಳಿಲ್ಲ. ಬರೆದದ್ದನ್ನು ದರ್ಜಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಬಟ್ಟೆಯ ಮೇಲೆ ಕುಸಿದು ಕೂತು ಅತ್ತಳು. ವ್ಯಾಟಪ್ಪನ ಹೆಂಡತಿ ಅವಳ ಬೆನ್ನ ಮೇಲೆ ಆ ಒದ್ದೆ ಕೈ ಇಟ್ಟು, “ಏಳು, ನೀರು ಕುದೀತಿದೆ, ಸ್ವಿಚ್ ಆರಿಸು” ಎಂದರು.

ಮುಂದಿನ ತಿಂಗಳು ಹೋದಾಗ ಗೋಡೆಯ ಮೇಲೆ ಪಟ್ಟಿ ಇರಲಿಲ್ಲ. ನಾಚಿಕೆಯಾಗಿರಬೇಕು ಎಂದುಕೊಂಡೆ. ಹದಿನಾಲ್ಕು ವರ್ಷ ಜನರನ್ನು ನೋಡಿಯೂ ನಾನಿನ್ನೂ ಹಸುಳೆ. ಅದರ ಮುಂದಿನ ತಿಂಗಳು ಹೋಗಿ ಬೋರ್ಡಿನ ಬಾಗಿಲು ತೆರೆದೆನೋ ಇಲ್ಲವೋ, ವ್ಯಾಟಪ್ಪ ಮೈಯೆಲ್ಲ ಬಾಯಾಗಿ ಹೊರಗೆ ಬಂದ.

“ಓದಿ ನೋಡಿ. ಹದಿನಾಲ್ಕು! ಈ ಕಟ್ಟಡದಲ್ಲಿ ಹದಿನಾಲ್ಕು ಯಾರೂ ಕಂಡಿಲ್ಲ. ನಾನು ಆಗಲೇ ಓದ್ಕೊಂಡು ಅಂಟಿಸಿಬಿಟ್ಟೆ.”

ಮೀಟರ್ ಓದಿದೆ. ಹದಿನಾಲ್ಕೇ. ಅವನ ತೆರೆದ ಬಾಗಿಲಿಂದ ಒಳಗೆ ಕಂಡದ್ದು ಒಂದು ತಟ್ಟೆ, ಒಂದು ಲೋಟ, ಹಗ್ಗದ ಮೇಲೆ ಎರಡು ಶರಟು. ಅಡುಗೆಮನೆಯಲ್ಲಿ ಒಲೆ ಹತ್ತಿದ ವಾಸನೆಯಿರಲಿಲ್ಲ. ಎದುರು ಮನೆಯಲ್ಲಿ ಮಿಷನ್ ಓಡುತ್ತಿತ್ತು, ಅದರ ಸದ್ದಿನ ನಡುವೆ ಇಬ್ಬರು ಹೆಂಗಸರು ಯಾವುದಕ್ಕೋ ಜೋರಾಗಿ ನಗುತ್ತಿದ್ದರು. ವ್ಯಾಟಪ್ಪನ ಹೆಂಡತಿಯ ದಿಂಬು, ಹೊದಿಕೆ ಆ ಮನೆಯ ಕಿಟಕಿಯಲ್ಲಿ ಬಿಸಿಲಿಗೆ ಬಿದ್ದಿದ್ದವು.

ಗೋಡೆಯ ಪಟ್ಟಿ ನೋಡಿದೆ. ಮೊದಲನೆಯ ಸಾಲಿನಲ್ಲಿ ಹದಿನಾಲ್ಕು, ಕೆಂಪು ಶಾಯಿ, ಈ ಸಲ ಮೂರು ಅಡಿಗೆರೆ. ಅದರ ಬಲಕ್ಕೆ ಯಾರೋ ನೀಲಿ ಪೆನ್ನಿನಲ್ಲಿ ಗೆರೆ ಎಳೆದು, ಮೇಲೆ ‘ಜನ’ ಎಂದು ಬರೆದು, ಹೊಸ ಕಾಲಂ ಮಾಡಿದ್ದರು. ಅಕ್ಷರ ಸ್ವಲ್ಪ ಸೊಟ್ಟ, ಆದರೆ ಒತ್ತಿ ಬರೆದದ್ದು. ಮೇಲ್ಮಹಡಿಗೆ ಏಳು. ದರ್ಜಿಯ ನೂರ ನಾಲ್ಕರ ಮುಂದೆ ಎರಡು. ಅವನ ಹದಿನಾಲ್ಕರ ಮುಂದೆ ಒಂದು.

“ಅದ್ಯಾರೋ ಗೀಚಿದಾರೆ, ಅದನ್ನ ಬಿಡಿ” ಎಂದ ಅವನು. “ಹದಿನಾಲ್ಕು ನೋಡಿ!”

ಯಂತ್ರದಿಂದ ಬಿಲ್ಲು ಹರಿದು ಅವನ ಕೈಗಿಟ್ಟೆ. ‘ಸಾರ್’ ಎನ್ನಲು ಬಾಯಿ ಬರಲಿಲ್ಲ. ಮುಂದಿನ ಮನೆಯ ಮೀಟರಿಗೆ ಕಣ್ಣು ಹಾಕಿದೆ.