ಬ್ಯಾಗಿಲ್ಲದ ಭಾನುವಾರ

ಹಳ್ಳಿಯ ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ಹೋಗುವವನನ್ನು ಕಂಡರೆ ನಮ್ಮ ಜನಕ್ಕೆ ಒಂದು ಪ್ರಶ್ನೆ ಕೇಳದೆ ಇರಲಾಗುವುದಿಲ್ಲ. ಕಾರಿನವನನ್ನು ಕೇಳುವುದಿಲ್ಲ, ಬಾಯಿ ತೆರೆಯುವಷ್ಟರಲ್ಲಿ ಅವನು ಧೂಳಾಗಿರುತ್ತಾನೆ. ಬೈಕಿನವನಿಗೆ ಕೈ ಎತ್ತಿ ಬಿಟ್ಟುಬಿಡುತ್ತಾರೆ. ಸೈಕಲ್ಲಿನವನು ಮಾತ್ರ ಮಾತಿಗೆ ಸಿಕ್ಕುವ ವೇಗದಲ್ಲಿ, ಕಣ್ಣಿಗೆ ಕಣ್ಣು ಕೂಡುವ ಎತ್ತರದಲ್ಲಿ ಬರುತ್ತಾನಾದ್ದರಿಂದ, ಜಗಲಿಯ ಮೇಲೆ ಕೂತವರು, ಹಸುವಿನ ಹಗ್ಗ ಹಿಡಿದು ನಿಂತವರು, ಕೊನೆಗೆ ಹಲ್ಲುಜ್ಜುತ್ತಿರುವವರೂ ಬಾಯಿಯ ನೊರೆಯನ್ನು ಪಕ್ಕಕ್ಕೆ ಉಗಿದು ಕೇಳುತ್ತಾರೆ: "ಎಲ್ಲೀಗೆ?" ಇದು ಬರಿಯ ಕುಶಲೋಪರಿ, ನಕ್ಕು ಮುಂದೆ ಹೋದರಾಯಿತು ಎಂದು ನೀವು ಭಾವಿಸಿದ್ದರೆ, ನೀವು ನಮ್ಮ ಸೀಮೆಯಲ್ಲಿ ಸೈಕಲ್ ತುಳಿದಿಲ್ಲ ಎಂದೇ ಅರ್ಥ. ಉತ್ತರ ಕೊಡದೆ ಹೋದವನ ಬೆನ್ನ ಹಿಂದೆ ಎರಡನೆಯ ಪ್ರಶ್ನೆ ಹುಟ್ಟುತ್ತದೆ. ಅದು ಅವನನ್ನು ಕೇಳುವುದಲ್ಲ, ಅವನನ್ನು ಕುರಿತು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು.

ಬೇರೆಯವರಿಗೆ ಇದೊಂದು ದೊಡ್ಡ ಸಂಗತಿಯಲ್ಲದಿರಬಹುದು. ನನಗೆ ಮಾತ್ರ ಅದು ಮರ್ಯಾದೆಯ ಪ್ರಶ್ನೆಯಾಗಿತ್ತು. ಏಳನೆಯ ತರಗತಿಗೇ ಶಾಲೆಗೆ ಶರಣು ಹೊಡೆದು ಚನ್ನಪಟ್ಟಣದ ಒಂದು ಮೋಟರ್ ರಿವೈಂಡಿಂಗ್ ಅಂಗಡಿ ಸೇರಿದವನು ನಾನು. ಸುಟ್ಟ ಮೋಟರಿನ ಹಳೆಯ ತಂತಿ ಕಿತ್ತು ಹೊಸ ತಂತಿ ಸುತ್ತುವ ವಿದ್ಯೆಯೊಂದನ್ನು ಬಿಟ್ಟರೆ ಬೇರೆ ವಿದ್ಯೆ ಇಲ್ಲ. ಪೊಟ್ಟಣ ಕಟ್ಟಿ ಬರುವ ಪತ್ರಿಕೆಯ ಹಾಳೆಗಳನ್ನು ಬಿಡದೆ ಓದಿದ ಚಟದಿಂದ ಒಂದಿಷ್ಟು ದೊಡ್ಡ ಪದಗಳು ನಾಲಗೆಗೆ ಅಂಟಿಕೊಂಡಿವೆ, ಅವು ಇಲ್ಲಿ ಅಸ್ಥಾನದಲ್ಲಿ ಇಣುಕಿದರೆ ಮನ್ನಿಸಿ. ಓದಿದವರ ಮನೆಯ ಗೋಡೆಯ ಮೇಲೆ ಚೌಕಟ್ಟಿನಲ್ಲಿ ತೂಗುವುದೇನೋ ಇರುತ್ತದೆ. ನನ್ನ ಪಾಲಿಗೆ ಅಂಥದ್ದು ಎಂದರೆ ಊರಿನವರ ಬಾಯಲ್ಲಿದ್ದ ಒಂದೇ ಮಾತು, "ಹೊನ್ನಪ್ಪ ಸುಮ್ಕೆ ಕೂತಿದ್ದುದ್ನ ಕಂಡೋರಿಲ್ಲ." ಅಂಥವನು ಭಾನುವಾರ ಬೆಳಿಗ್ಗೆ, ಮಾಡಲು ಏನೂ ಕೆಲಸವಿಲ್ಲದೆ, ಸೇರಲು ಯಾವ ಊರೂ ಇಲ್ಲದೆ ಸೈಕಲ್ಲಿನ ಮೇಲೆ ಕಾಣಿಸಿಕೊಂಡು "ಸುಮ್ಕೆ" ಎನ್ನುವುದು ಹೇಗೆ?

ಹಾಗಾದರೆ ತುಳಿದದ್ದೇಕೆ ಎಂದು ಕೇಳುತ್ತೀರಿ. ಒಂದು ಸಲ ಬೈಕು ಕೈಕೊಟ್ಟಿತ್ತು. ವಿರೂಪಾಕ್ಷಿಪುರದ ಆಚೆಗೆ ಒಂದು ಮೋಟರ್ ನೋಡಬೇಕಾಗಿ ಬಂದು, ಹಿತ್ತಲಲ್ಲಿ ಕೋಳಿಗಳಿಗೆ ಪೀಠವಾಗಿದ್ದ ಹಳೆಯ ಸೈಕಲ್ಲಿಗೆ ಗಾಳಿ ಹೊಡೆದು ಹೊರಟೆ. ಹೋಗುವಾಗ ಬೈದುಕೊಂಡು ಹೋದೆ. ಬರುವಾಗ, ಮಾವಿನ ತೋಪುಗಳ ನಡುವಿನ ಇಳಿಜಾರಿನಲ್ಲಿ ಪೆಡಲಿಗೆ ಕೆಲಸವಿಲ್ಲದೆ ಕಾಲುಗಳು ಸುಮ್ಮನೆ ನಿಂತಿದ್ದವು, ರೇಷ್ಮೆ ಸೊಪ್ಪಿನ ತೋಟದ ಹಸಿ ವಾಸನೆ ಮುಖಕ್ಕೆ ಬಡಿಯುತ್ತಿತ್ತು, ಚಕ್ರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ದಿನವಿಡೀ ಮೋಟರಿನ ಗದ್ದಲದಲ್ಲಿ ಬದುಕುವವನ ಕಿವಿಗೆ ಅದೆಂಥ ಉಪಚಾರ ಎಂದು ನಾನು ಬರೆದು ತೋರಿಸಲಾರೆ. ಆ ತಿಂಗಳೇ ಗೇರಿನ ಸೈಕಲ್ಲೊಂದನ್ನು ಕೊಂಡು ತಂದೆ. ಹೆಂಡತಿ ಅದನ್ನು ಬಾಗಿಲಲ್ಲೇ ತಡೆದಳು.

"ಮನೇಲಿ ಗಾಡಿ ಮಡಿಕ್ಕಂಡು ಸೈಕಲ್ ತುಳಿದ್ರೆ ಜನ ಏನಂದ್ಕಂಡಾರು? ಇವ್ರಿಗೇನೋ ಆಗೈತೆ ಅಂತಾರೆ."

ಜನ ಏನೂ ಅಂದುಕೊಳ್ಳದಂತೆ ನಾನೊಂದು ಉಪಾಯ ಮಾಡಿದೆ. ಸ್ಪ್ಯಾನರು, ಟೆಸ್ಟರು, ಗ್ರೀಸಿನ ಡಬ್ಬಿ ಇರುವ ನನ್ನ ಕ್ಯಾನ್ವಾಸ್ ಬ್ಯಾಗನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಿಬಿಟ್ಟೆ. ಯಾರಾದರೂ "ಎಲ್ಲೀಗೆ?" ಎಂದರೆ ಬ್ಯಾಗಿನ ಕಡೆ ಗದ್ದ ತಿರುಗಿಸಿದರೆ ಸಾಕು, ಉತ್ತರ ಕೊಟ್ಟಂತೆಯೇ ಆಗುತ್ತಿತ್ತು. ಕೆಲಸಕ್ಕೆ ಹೊರಟವನ ಗಾಂಭೀರ್ಯದಲ್ಲಿ ನಾನು ವಿಹಾರ ಮಾಡುತ್ತಿದ್ದೆ.

ಈ ವಿಹಾರಕ್ಕೆ ಜೊತೆಯಾದವನು ಬಾಬಾಜಾನ್. ಶಾಲೆಯಲ್ಲಿ ನನ್ನ ಪಕ್ಕದ ಮಣೆಯವನು, ನನಗಿಂತ ಒಂದು ವರ್ಷ ಮೊದಲೇ ಶಾಲೆ ಬಿಟ್ಟ ಬುದ್ಧಿವಂತ. ಮನೆತನದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ, ಗೂಡು ಬೇಯಿಸುವ ಬಿಸಿನೀರಿನ ತೊಟ್ಟಿಗಳ ಮುಂದೆ, ಆ ಹಬೆಯಲ್ಲೇ ಅವನ ಪ್ರಾಯ ಕಳೆಯಿತು. ಈಗ ಎದೆ ಕಟ್ಟುತ್ತದೆ. ಡಾಕ್ಟರು ಹಬೆ ಬಿಡು, ಬಯಲ ಗಾಳಿಗೆ ಹೋಗು ಎಂದಿದ್ದಾರೆ. ಕಾರ್ಖಾನೆಯನ್ನು ತಮ್ಮನ ಕೈಗೆ ಕೊಟ್ಟು, ಉಲ್ಲನ್ ಟೋಪಿ ಹಾಕಿಕೊಂಡು, ಅವನು ಭಾನುವಾರಗಳಿಗಾಗಿಯೇ ವಾರ ಕಳೆಯುವವನಾದ. ಒಬ್ಬನೇ ಹೋಗಲು ಮನೆಯವರು ಬಿಡುವುದಿಲ್ಲ. ದಾರಿಯಲ್ಲಿ ಉಸಿರು ಸಿಕ್ಕದೆ ಕೂತುಬಿಟ್ಟರೆ ಪಕ್ಕದಲ್ಲಿ ಯಾರಾದರೂ ಇರಬೇಕಲ್ಲ. ಆ ಯಾರಾದರೂ ನಾನು.

ಆದರೆ ಬ್ಯಾಗು ಸುಮ್ಮನಿರುವ ಪದಾರ್ಥವಲ್ಲ. ಅದನ್ನು ಕಂಡವರಿಗೆ ತಮ್ಮ ಮನೆಯ ಮೋಟರು ನೆನಪಾಗುತ್ತದೆ. "ಒಸಿ ನಮ್ದೂ ನೋಡ್ಬುಡಣ್ಣ, ಒಂದ್ ನಿಮಿಷ" ಎಂದು ಶುರುವಾಗುವ ಆ ಒಂದು ನಿಮಿಷದಲ್ಲಿ ನನ್ನ ಕೈಗೆ ಗ್ರೀಸು, ಬಾಬಾಜಾನ್‌ಗೆ ಯಾರದೋ ಜಗಲಿ. ಬಿಸಿಲೇರುವ ತನಕ ಅವನು ಅಲ್ಲಿ ಟೋಪಿ ತೆಗೆದು, ಹಾಕಿ, ತೆಗೆದು ಕೂರಬೇಕು. ಸತ್ಯ ಹೇಳುತ್ತೇನೆ, ನನಗೆ ಅದು ಒಳಗೊಳಗೇ ಹಿತವಾಗಿತ್ತು. ವಿಹಾರಕ್ಕೆ ಬಂದರೂ ಬಿಡದ ಬೇಡಿಕೆಯವನು ನಾನು ಎಂಬ ಹೆಮ್ಮೆ ಯಾವ ಇಳಿಜಾರಿಗಿಂತ ಕಡಿಮೆ?

ಬ್ಯಾಗು ಮರೆತು ಬಂದ ಒಂದೇ ಒಂದು ಭಾನುವಾರ ಇನ್ನೂ ಅಧ್ವಾನವಾಯಿತು. ಟೀ ಅಂಗಡಿಯಲ್ಲಿ ಒಬ್ಬರು ಎಲ್ಲಿಗೆಂದು ಕೇಳಿದಾಗ ಬಾಯಿಗೆ ಬಂದಂತೆ "ಸೀಮೆ ಹಸ ನೋಡಕ್ಕೆ" ಎಂದುಬಿಟ್ಟೆ. ವಾಪಸು ಬರುವಾಗ ಆ ಮನುಷ್ಯ ತನ್ನ ಹಸುವಿಗೆ ಮೈ ತೊಳೆದು, ಹಣೆಗೆ ಕುಂಕುಮವಿಟ್ಟು, ರಸ್ತೆಗೇ ತಂದು ನಿಲ್ಲಿಸಿಕೊಂಡಿದ್ದ. ಹಸುವಿನ ಬಾಯಲ್ಲಿ ಏನು, ಬಾಲದಲ್ಲಿ ಏನು ನೋಡಬೇಕೆಂದು ತಿಳಿಯದ ನಾನು ಎರಡು ಸುತ್ತು ಹಾಕಿ, ತಪ್ಪಿಸಿಕೊಳ್ಳಲು ಬೇರೆ ದಾರಿ ಕಾಣದೆ, "ಸುಳಿ ಯಾಕೋ ಸರೀಗಿಲ್ಲ" ಎಂದೆ. ಮೈಮೇಲಿನ ಕೂದಲಿನ ಸುಳಿ ನೋಡಿಯೇ ಹಸು ಕೊಳ್ಳುವ ಸೀಮೆಯಿದು. ಆತನ ಮುಖ ಸಣ್ಣಗಾಯಿತು. ಊರು ದಾಟುವ ತನಕ ಬಾಬಾಜಾನ್ ಮುಂದೆ ಮುಂದೆಯೇ ತುಳಿದ. ಆಮೇಲೆ ಸೈಕಲ್ ನಿಲ್ಲಿಸಿ, ಉಸಿರು ಸುಧಾರಿಸಿಕೊಂಡು, ತಿರುಗಿದ.

"ಬಾಯಿಲ್ದಿರೋ ಹಸೂಗೆ ಯಾಕ್ಲಾ ಕೆಟ್ಟೆಸ್ರು ತಂದೆ? ಸುಮ್ನೆ ಬಂದಿದೀವಿ ಅಂದ್ರೆ ನಿನ್ ಗಂಟು ಹೋಯ್ತಿತ್ತಾ? ಕೇಳ್ಸ್ಕೊ ಹೊನ್ನ, ನಂಗೆ ಬೇಕಿರೋದು ಗಾಳಿ. ಜಗಲೀಲಿ ಕೂರಕ್ಕಾದ್ರೆ ನಮ್ಮನೆ ಜಗಲಿನೇ ಐತೆ. ಬರೋ ವಾರ ಬ್ಯಾಗು ಬರಬಾರ್ದು, ಸುಳ್ಳೂ ಬರಬಾರ್ದು. ಬಂದ್ರೆ ನಾ ಬರಲ್ಲ. ಇನ್ ಯಾವತ್ತೂ ಬರಲ್ಲ."

ಅವನು ಬರುವುದಿಲ್ಲವೆಂದರೆ ಬರುವವನಲ್ಲ. ಮನೆಯ ಜಗಲಿಗೆ ಅಂಟಿದರೆ ಅವನ ಎದೆ ಏನಾಗುವುದೋ ನನಗೆ ಗೊತ್ತಿತ್ತು. ಒಪ್ಪಿದೆ.

ಆ ಭಾನುವಾರ ಖಾಲಿ ಕ್ಯಾರಿಯರಿನ ಸೈಕಲ್ ಏರಿದಾಗ, ನಂಬಿ, ಪಂಚೆ ಮರೆತು ಬೀದಿಗೆ ಬಂದವನ ಹಾಗಿತ್ತು ನನ್ನ ಸ್ಥಿತಿ. ಪುಣ್ಯಕ್ಕೆ ಮಂಜು ದಟ್ಟವಾಗಿತ್ತು, ಕೇಳುವವರೂ ಕಡಿಮೆ ಇದ್ದರು. ವಿರೂಪಾಕ್ಷಿಪುರ ದಾಟುವ ಹೊತ್ತಿಗೆ ಮಂಜು ಕರಗಿ ಬಿಸಿಲು ಬಿದ್ದಿತ್ತು. ಒಂದು ಹೊಲದ ಬಳಿ ಬಾಬಾಜಾನ್ ಇಳಿದು, ಎರಡೂ ಕೈ ಅಗಲಿಸಿ, ಎದುರಿನ ಹೊಲವನ್ನು ನೋಡುತ್ತಾ ದೀರ್ಘವಾಗಿ ಉಸಿರೆಳೆದುಕೊಂಡ. ನಾನು ಮುಂದೆ ಸಾಗಿದೆ. ತಿರುವಿನಲ್ಲಿ ರಸ್ತೆಯುದ್ದಕ್ಕೂ ಹುರುಳಿ ಗಿಡ ಹಾಸಿದ್ದರು. ನಿಮಗೆ ಗೊತ್ತಿರಬಹುದು, ಈಗ ನಮ್ಮ ಕಡೆ ಕಣ ಮಾಡುವವರು ಕಡಿಮೆ. ಕಿತ್ತು ಒಣಗಿಸಿದ ಗಿಡವನ್ನು ಡಾಂಬರಿನ ಮೇಲೆ ಹರಡಿಬಿಟ್ಟರೆ ಬರುವ ಹೋಗುವ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಬಸ್ಸಿಗೆ ಅದು ಹುಲ್ಲು, ಸೈಕಲ್ಲಿಗೆ ಅದು ಬಲೆ. ಹಂಬು ಚೈನಿಗೆ ಸುತ್ತಿ, ಗೇರಿನ ಹಲ್ಲಿಗೆ ಸೇರಿ, ಹಿಂದಿನ ಚಕ್ರ ಥಟ್ಟನೆ ನಿಂತಿತು. ನಾನು ನಿಲ್ಲಲಿಲ್ಲ.

ಮೆತ್ತಗೇ ಬಿದ್ದೆ. ಗಿಡ ಎಳೆದು ಹರಡುವ ಗೊರಸಲು ಕೋಲು ಹಿಡಿದು ಓಡಿ ಬಂದ ಹೆಂಗಸು ನನ್ನನ್ನಲ್ಲ, ಮೊದಲು ಹುರುಳಿಯನ್ನು ನೋಡಿದಳು. ಹೆಸರು ಚಿಕ್ಕತಾಯಮ್ಮ ಎಂದು ಆಮೇಲೆ ತಿಳಿಯಿತು, ನನಗಿಂತ ಹಿರಿಯಳು.

"ಬಸ್ಸು ಬತ್ತದೆ ಅಂತ ನಾ ಹಾಸಿದ್ರೆ ನೀ ಸೈಕಲ್ ತಂದೀಯಲ್ಲಪ್ಪ! ನಿನ್ ಸೈಕಲ್ಗೆ ಒಂದ್ ಕಾಳಾದ್ರೂ ಉದುರ್ತದಾ? ಪೆಟ್ಟಾಯ್ತ?"

"ಇಲ್ಲ ಕಣಕ್ಕ."

"ಎಲ್ಲೀಗೆ ಹೊಂಟಿದ್ದೆ?"

ಅಷ್ಟರಲ್ಲಿ ಬಾಬಾಜಾನ್ ಬಂದು ನಿಂತಿದ್ದ. ನನ್ನ ಮುಖವನ್ನೇ ನೋಡಿದ. ಐವತ್ತು ದಾಟಿದ ಮನುಷ್ಯ ನಾನು, ಮೈಯೆಲ್ಲ ಹೊಟ್ಟು ಮೆತ್ತಿಕೊಂಡು, ನೆಲದಲ್ಲಿ ಕೂತೇ ಹೇಳಿದೆ: "ಎಲ್ಲೀಗೂ ಇಲ್ಲ ಕಣಕ್ಕ. ಸುಮ್ಕೆ ಬಂದ್ವಿ."

ಸತ್ಯ ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರೆ. ನನ್ನ ಅನುಭವ ಬೇರೆ. ಆಕೆಯ ಮುಖ ಬಾಗಿಲು ಹಾಕಿದಂತಾಯಿತು. ಪಕ್ಕದ ಹೊಲದಿಂದ ಬಂದ ಆಕೆಯ ಮೈದುನನ ಮುಖ ಮಾತ್ರ ತೆರೆದುಕೊಂಡಿತು.

"ಜಮೀನ್ ಕೊಳ್ಳೋ ಯಾವ್ ಪಾರ್ಟಿ ಕಡೆಯವ್ರು ಸಾರ್?"

"ಪಾರ್ಟಿನೂ ಇಲ್ಲ, ಏನೂ ಇಲ್ಲ."

"ಇವ್ರು ಆಗ್ಲೇ ಅಲ್ಲಿ ನಿಂತು, ಹಿಂಗೆ ಕೈ ಅಗ್ಲಿಸಿ ಹೊಲ ಅಳೀತಿದ್ರಲ್ಲ, ನಾ ಕಂಡೆ. ಕಾರಲ್ಲಿ ಬಂದ್ರೆ ರೇಟ್ ಏರ್ತದೆ ಅಂತ ಈಗ ಸೈಕಲ್ಲಲ್ಲಿ ಬತ್ತಾವ್ರೆ, ಅಲ್ವ? ಅತ್ಗೆದು ಕೊಡಲ್ಲ ಅಂದ್ರೂ ನಂದೈತೆ, ರೋಡಿಗೇ ಐತೆ."

"ಇದು ಮಾರಕ್ಕಿಲ್ಲ ಕಣಪ್ಪ" ಎಂದಳು ಚಿಕ್ಕತಾಯಮ್ಮ, ಕೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡು. "ಮೊನ್ನೆ ಬಂದೋರೂ ಹಿಂಗೇ, ಸುಮ್ಕೆ ಬಂದ್ವಿ ಅಂದ್ರು. ಆಮೇಲೆ ಫೋಟೋ ಹಿಡ್ಕಂಡ್ರು."

ಹೆದ್ದಾರಿ ಅಗಲವಾದಂದಿನಿಂದ ನಮ್ಮ ಸೀಮೆಯಲ್ಲಿ ಹೊಲವನ್ನು ಬರಿದೆ ನೋಡುವವನೇ ಇಲ್ಲವಾಗಿದ್ದಾನೆ ಎಂಬುದು ಆಗ ನನಗೆ ಹೊಳೆಯಿತು. ನೋಟ ಎಂದರೆ ಅಳತೆ, ಅಳತೆ ಎಂದರೆ ಬೆಲೆ. ಯಾವುದನ್ನೂ ಬೇಡದೆ ನೋಡುತ್ತಾ ನಿಂತವನು ಕಳ್ಳನಷ್ಟೇ ಅನುಮಾನಾಸ್ಪದ. ಪಾಪ, ಉಸಿರಿಗಾಗಿ ಕೈ ಅಗಲಿಸಿದ ಬಾಬಾಜಾನ್ ಅವರ ಕಣ್ಣಿಗೆ ಟೇಪು ಹಿಡಿದವನಾಗಿದ್ದ.

ತಪ್ಪಿಸಿಕೊಳ್ಳುವ ದಾರಿ ನನ್ನ ಕಿವಿಯಲ್ಲೇ ಇತ್ತು. ಆಕೆಯ ತೋಟದ ನೀರಿನ ಹೊಂಡದ ಮೇಲೆ ಒಂದು ಮೋಟರು ಓಡುತ್ತಿತ್ತು. ಗರಗರ ಎಂಬ ಅದರ ಒಳದನಿ ಬೇರಿಂಗು ಹೋಗುವ ಸೂಚನೆ. ಬಿದ್ದ ಕೂಡಲೇ ನನಗೆ ಕೇಳಿದ್ದು ನನ್ನ ಮೂಳೆಯ ಸದ್ದಲ್ಲ, ಅದು. "ನಾನು ಮೋಟರ್ ರಿಪೇರಿಯವನು" ಎಂಬ ಒಂದು ವಾಕ್ಯ ಸಾಕಿತ್ತು. ದಲ್ಲಾಳಿ ಎಂಬ ಕೆಟ್ಟ ಹೆಸರು ಅಳಿಸಿಹೋಗುತ್ತಿತ್ತು, ನನ್ನ ಮರ್ಯಾದೆ ಮೈ ಕೊಡವಿಕೊಂಡು ಎದ್ದು ನಿಲ್ಲುತ್ತಿತ್ತು, ಮತ್ತು ಬಾಬಾಜಾನ್ ಇನ್ನೊಂದು ಜಗಲಿಯ ಮೇಲೆ ಕೂರುತ್ತಿದ್ದ. ವಾಕ್ಯ ಹಲ್ಲಿನ ತನಕ ಬಂದಿತ್ತು. ನುಂಗಿದೆ.

"ಇವ್ನಿಗೆ ಎದೆ ಕಟ್ತದೆ ಕಣಕ್ಕ. ಗಾಳಿ ಕುಡಿಯಕ್ಕೆ ಬತ್ತಾನೆ. ನಾನು ಇವ್ನ ಜೊತೆ ಬಂದೆ. ಅಷ್ಟೇಯ."

ಚಿಕ್ಕತಾಯಮ್ಮ ಬಾಬಾಜಾನ್‌ನ ಟೋಪಿ ನೋಡಿದಳು, ಅವನ ಎದೆ ಏರಿಳಿಯುವುದನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಸುಮ್ಕೆ ಬಂದೋರಾದ್ರೆ ಅರ್ಜೆಂಟಿಲ್ಲ ಅಂದಂಗಾಯ್ತು" ಎಂದಳು ಕೊನೆಗೆ. "ಬನ್ನಿ, ನೆಳ್ಳಲ್ಲಿ ಕೂತ್ಕಳಿ. ಮಜ್ಜಿಗೆ ತತ್ತೀನಿ."

ಮೈದುನ ನಿರಾಶನಾಗಿ ತನ್ನ ಹೊಲಕ್ಕೆ ಹೋದ. ನಾವು ಹೊಂಗೆ ಮರದ ಬುಡದಲ್ಲಿ ಕೂತೆವು. ಬಾಬಾಜಾನ್ ನೂಲು ಬಿಚ್ಚಿದ ಬೆರಳುಗಳಿಂದ ನನ್ನ ಚೈನಿಗೆ ಸಿಕ್ಕ ಹಂಬನ್ನು ಒಂದೊಂದಾಗಿ ಎಳೆಯುತ್ತಿದ್ದ. ಗೂಡಿನಿಂದ ಎಳೆ ತೆಗೆದಷ್ಟೇ ನಾಜೂಕಾಗಿ, ಒಂದೂ ತುಂಡಾಗದ ಹಾಗೆ. ಮಜ್ಜಿಗೆ ಬಂತು. ಮೋಟರು ಗರಗರ ಎನ್ನುತ್ತಲೇ ಇತ್ತು. ನಾನು ಮಾವಿನ ತೋಪನ್ನು ನೋಡುತ್ತಿದ್ದೆ, ಅಂದರೆ ನೋಡಲು ಯತ್ನಿಸುತ್ತಿದ್ದೆ. ಪ್ರತಿ ಗರಗರಕ್ಕೂ ನನ್ನ ಮುಖದಲ್ಲಿ ಏನೋ ಆಗುತ್ತಿತ್ತೆಂದು ಕಾಣುತ್ತದೆ. ಬಾಬಾಜಾನ್‌ಗೆ ನಗು ತಡೆಯಲಾಗಲಿಲ್ಲ.

"ಹೇಳ್ಬುಡು ಹೊನ್ನ, ಹೇಳ್ಬುಡು. ಹಲ್ಲುನೋವು ಬಂದೋನಂಗೆ ಕೂತಿದೀಯ."

"ಅಕ್ಕ" ಎಂದೆ, ಅನುಮತಿ ಸಿಕ್ಕ ಮಗುವಿನಂತೆ. "ನಿಮ್ ಹೊಂಡದ ಮೋಟ್ರು ಆರ್ಸ್ಬುಡಿ. ಬೇರಿಂಗ್ ಹೋಯ್ತಾ ಐತೆ. ಇನ್ನೂ ಓಡ್ಸುದ್ರೆ ಪೂರಾ ಸುಟ್ಟೋಯ್ತದೆ. ನಾಳೆ ಬ್ಯಾಗ್ ತಂದು ಸರಿ ಮಾಡ್ತೀನಿ."

ಆಕೆ ಹೋಗಿ ಸ್ವಿಚ್ಚು ಆರಿಸಿ ಬಂದಳು. ತೋಟವೆಲ್ಲ ಇದ್ದಕ್ಕಿದ್ದಂತೆ ಸ್ತಬ್ಧವಾಯಿತು.

"ಅಯ್ಯೋ ಶಿವನೆ, ಮೋಟ್ರ್ ರಿಪೇರಿಯೋರು ಅಂತ ಮೊದ್ಲೇ ಅಂದಿದ್ರೆ ಆಗ್ತಿರ್ನಿಲ್ವ? ಸುಮ್ಕೆ ನಿಮ್ಮುನ್ನ ಅನುಮಾನಿಸ್ಬುಟ್ಟೆ. ಈಗ್ಲೇ ಒಸಿ ನೋಡ್ಬುಡಿ, ಇಲ್ಲೇ ಪಕ್ಕ."

ನಾನು ಆಗಲೇ ಒಂದು ಕೈ ನೆಲಕ್ಕೆ ಊರಿದ್ದೆ. ಬಾಬಾಜಾನ್ ಚೈನಿನಿಂದ ತಲೆ ಎತ್ತದೆ ಹೇಳಿದ:

"ನಾಳೆ ಅವ್ನು ಮೋಟ್ರ್ ರಿಪೇರಿಯೋನು ಕಣಮ್ಮ. ಇವತ್ತು ನನ್ ಜೊತೆ ಬಂದವ್ನೆ."

ಊರಿದ ಕೈಯನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಅದಕ್ಕೆ ಅಲ್ಲಿ ಏನು ಮಾಡಬೇಕೆಂದು ತಿಳಿಯಲಿಲ್ಲ. ಆದರೂ ಅಲ್ಲೇ ಇತ್ತು.