ಎರಡನೇ ಮೂರು ನಿಮಿಷ

ಇವತ್ತು ಬೆಳಿಗ್ಗೆ ಅಟ್ಟದಿಂದ ಕಾಯಿ ಇಳಿಸುತ್ತಿದ್ದೆ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಒಣಗಿ ಚಿಪ್ಪು ಬಿಟ್ಟ ಗಿಟುಕು ಲೊಡಲೊಡ ಎಂದರೆ ಕೊಬ್ಬರಿ ಆಗಿದೆ, ನೀರು ಕುಲುಕಿದರೆ ಇನ್ನೂ ಆಗಿಲ್ಲ. ನಮ್ಮ ತಿಪಟೂರು ಸೀಮೆಯವರಿಗೆ ಇದು ಎಷ್ಟು ಅಂಟಿದ ಚಾಳಿ ಎಂದರೆ, ಏನು ಕೈಗೆ ಕೊಟ್ಟರೂ ಮೊದಲು ಕಿವಿಗೆ ಹಿಡಿಯುತ್ತೇವೆ. ನಗಬೇಡಿ, ಎರಡು ವರ್ಷದ ಹಿಂದೆ ತಮ್ಮನ ಮಗಳು ಶಾಲಿನಿಯ ಎಂಜಲು ತುಂಬಿದ ಕೊಳವೆಯನ್ನೂ ನಾನು ಹೀಗೇ ಅಲ್ಲಾಡಿಸಿ ನೋಡಿದ್ದೆ.

"ಅಯ್ಯೋ ದೊಡ್ಡಪ್ಪ, ಅದೇನ್ ಕೊಬ್ರಿ ಕಾಯಾ?" ಎಂದು ಕಿತ್ತುಕೊಂಡಿದ್ದಳು.

ಶಾಲಿನಿ ಕುಸ್ತಿಪಟು. ಅವಳಿದ್ದ ಶಿಬಿರದಲ್ಲಿ ಒಳ್ಳೊಳ್ಳೆಯ ಪೈಲ್ವಾನರ ಜೀನುಗಳನ್ನು ಪರೀಕ್ಷಿಸುತ್ತಿದ್ದರು. ರಜಕ್ಕೆ ಊರಿಗೆ ಬಂದಿದ್ದಾಗ ಇವಳೂ ಕೊಳವೆಗೆ ಎಂಜಲು ತುಂಬಿ ಕಳಿಸಿದಳು. ರಾಜ್ಯ ತಂಡದ ಆಯ್ಕೆಗೆ ಇನ್ನೊಂದು ವಾರ ಎನ್ನುವಾಗ ವರದಿ ಫೋನಿಗೆ ಬಂತು. ಸ್ನಾಯುವಿಗೆ ಥಟ್ಟನೆ ಸಿಡಿಯುವ ಬಲ ಕೊಡುವ ಜೀನಿನ ಬಗೆ ಅವಳಿಗೆ ಅಪ್ಪನಿಂದಲೂ ಬಂದಿಲ್ಲ, ಅಮ್ಮನಿಂದಲೂ ಬಂದಿಲ್ಲ. ಬಂದಿರುವುದು ದಮ್ಮು ಕೊಡುವ ಬಗೆ. ಪತ್ರಿಕೆಯ ವಿಜ್ಞಾನದ ಪುಟ ಓದುವ ಪಂಡಿತ ನಾನು, ಸುಮ್ಮನಿರಬೇಕಿತ್ತು. "ಹಂಗಾದ್ರೆ ನೀನು ಓಟ ಓಡ್ಬೋದಿತ್ತಲ್ಲಮ್ಮ" ಎಂದುಬಿಟ್ಟೆ.

ಅವಳು ಕುಸ್ತಿಯ ಬೂಟುಗಳನ್ನು ಚೀಲಕ್ಕೆ ತುರುಕಿ, "ನಾನು ಸೆಲೆಕ್ಷನ್‌ಗೆ ಹೋಗಲ್ಲ" ಎಂದಳು. ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

ಅವಳಿಗೆ ಮೊದಲ ಪಟ್ಟು ಕಲಿಸಿದ ಹೊನ್ನವಳ್ಳಿ ಗರಡಿಯ ನಿಂಗಣ್ಣನವರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದೆ. ಅವರು ವರದಿಯನ್ನು ನನ್ನಿಂದ ಎರಡು ಸಲ ಓದಿಸಿಕೊಂಡು ಅವಳ ಕಡೆ ತಿರುಗಿದರು.

"ಕುಸ್ತಿ ಎಷ್ಟೊತ್ತವ್ವ ಈಗ?"

"ಮೂರು ನಿಮಿಷ. ಆಮೇಲೆ ಇನ್ನೊಂದು ಮೂರು."

"ಮೊದಲ್ನೇ ಮೂರು ಎದ್ರುಗಿರೋಳ್ಗೆ ಬುಡು. ಸಿಗಬ್ಯಾಡ, ಓಡಾಡ್ಸು. ಎರಡ್ನೇ ಮೂರು ನಿಂದು ಕಣವ್ವ. ಎಂಜ್ಲು ಸುಳ್ಳೇಳಿಲ್ಲ, ನಿಮ್ ದೊಡ್ಡಪ್ಪ ಓದಿದ್ದು ತಪ್ಪು."

ಆಯ್ಕೆಯ ದಿನ ನಾನೂ ಹೋಗಿದ್ದೆ. ಮೊದಲ ಮೂರು ನಿಮಿಷ ನನ್ನಿಂದ ನೋಡಲಾಗಲಿಲ್ಲ. ಐದು ಅಂಕ ಹಿಂದೆ! ಎರಡನೇ ಸುತ್ತಿಗೆ ಎದುರಾಳಿ ಬಾಯಲ್ಲಿ ಉಸಿರು ಬಿಡತೊಡಗಿದಳು, ನಮ್ಮ ಹುಡುಗಿಯ ಬಾಯಿ ಮುಚ್ಚಿಯೇ ಇತ್ತು. ಕಾಲಿಗೆ ನುಗ್ಗಿದಳು ಒಂದು ಸಲ, ಮತ್ತೊಂದು ಸಲ, ಮೂರನೆಯ ಸಲ ಎತ್ತಿಯೇಬಿಟ್ಟಳು. ಚಿತ್! ನಾನು ಪಕ್ಕದವರನ್ನು ತಬ್ಬಿಕೊಂಡು ಕುಣಿದೆ. ಅವರು ಸೋತ ಹುಡುಗಿಯ ಅಪ್ಪ ಎಂದು ಆಮೇಲೆ ತಿಳಿಯಿತು. ಪಾಪ, ಅವರೂ ಬೆನ್ನು ತಟ್ಟಿದರು.

ಇವತ್ತು ಕೊನೆಯ ಕಾಯಿ ಅಲ್ಲಾಡಿಸಿದರೆ ನೀರು ಕುಲುಕಿತು. ಮುಂಚೆಯಾಗಿದ್ದರೆ ಗೊಣಗುತ್ತಾ ಮೂಲೆಗೆ ಎಸೆಯುತ್ತಿದ್ದೆ.

"ಆಗಿಲ್ವೇನ್ರೀ ಅದು?" ಎಂದಳು ಕೆಳಗಿನಿಂದ ಹೆಂಡತಿ.

"ಇದು ಎರಡ್ನೇ ಮೂರು ನಿಮಿಷದ್ದು ಕಣೇ" ಎಂದು ಅದನ್ನು ಮೆಲ್ಲಗೆ ಅಟ್ಟದ ಮೇಲೇ ಇಟ್ಟೆ.